ಹಳದಿ ಚೌಕಗಳು

"ಈ ಹಳದಿ ಚೌಕಗಳು ಏನಪ್ಪ, ಎಲ್ದಿಯಾರ್?" ಜಿಪಾರ ಪರದೆಯ ಮೇಲೆ ಬೆರಳಿಟ್ಟು ಕೇಳಿದಳು. ಬಿಷ್ಕೆಕ್‌ನ ಸಂಶೋಧನಾ ವಿದ್ಯಾರ್ಥಿಗಳಿಗೆ ಎಕ್ಸೆಲ್‌ನಲ್ಲಿ ಮಾಹಿತಿ ಜೋಡಿಸುವುದನ್ನು ಕಲಿಸಲು ಬಂದಿದ್ದ ಅವಳಿಗೆ, ಹೊಸ ಮೇವು ತಿಂದ ಕುರಿಮರಿಗಳ ತೂಕವಷ್ಟೇ ಹಳದಿಯಲ್ಲಿದ್ದದ್ದು ಕಂಡು ಅನುಮಾನ ಬಂದಿತ್ತು. "ನಿಜವಾಗ್ಲೂ ತೂಗಿದ್ಯಾ, ಇಲ್ಲಾ ಕೂತಲ್ಲೇ ಬರೆದ್ಯಾ?"

"ಒಂದೊಂದು ಮರೀನೂ ನಾನೇ ಎತ್ತಿ ತೂಗಿದೀನಿ, ಎಜೆ," ಅಂದ ಎಲ್ದಿಯಾರ್, ಕಿರ್ಗಿಜ್ ಭಾಷೆಯಲ್ಲಿ ಅಕ್ಕ ಎಂದು ಕರೆಯುತ್ತ. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹಳದಿ ಇರೋದು ಪ್ರೊಫೆಸರ್ ತಿದ್ದಿಸಿದ್ದು. ಮರೀಬಾರ್ದು ಅಂತ ಬಣ್ಣ ಹಚ್ಚಿಟ್ಟೆ."

ಆ ಮೇವು ಕಂಡುಹಿಡಿದದ್ದು ಪ್ರೊಫೆಸರರೇ. ಜಿಪಾರಳನ್ನು ಪಾಠಕ್ಕೆ ಕರೆಸಿದ್ದೂ ಅವರೇ. ಈಗ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದವರೂ ಅವರೇ.

"ಬಣ್ಣ ಕಂಪ್ಯೂಟರ್‌ಗೆ ಲೆಕ್ಕಕ್ಕಿಲ್ಲ," ಅವಳು ಇಡೀ ತರಗತಿಗೆ ಕೇಳುವಂತೆ ಹೇಳಿದಳು. "ಬೇರೆ ಬೇರೆ ಕಾಲಂ ಮಾಡು. ತೂಗಿದ್ದೆಷ್ಟು, ತಿದ್ದಿದ್ದೆಷ್ಟು, ತಿದ್ದಿಸಿದವರು ಯಾರು, ಹೆಸರು ಸಮೇತ ಬರಿ."