ಸರ್ ಆಂಬ್ರೋಸನ ಕೈ

ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ನಿಂತಿದ್ದ ಪ್ರೂಡೆನ್ಸ್ ಕಿಟಾರನೆ ಕಿರುಚಿ, ಕೋರ್ಟಿನ ನೆಲಕ್ಕೆ ಬಿದ್ದು ಹೊರಳಾಡಿದಳು. ಮಾಟಗಾತಿ ಥಾಮಸಿನ್‌ಳ ಕೈ ಸೋಕಿದರೆ ಮಾತ್ರ ಈ ಹುಡುಗಿಗೆ ಹೀಗಾಗುತ್ತದೆ ಎಂದು ಊರಿಗೆ ಊರೇ ಸಾಕ್ಷಿ ಹೇಳಿತ್ತು. ಆದರೆ ಥಾಮಸಿನ್ ಕಟಕಟೆಯಲ್ಲೇ ಇದ್ದಳು. ಮುಟ್ಟಿದ್ದು, ಪರೀಕ್ಷಿಸಲೆಂದು ಪೀಠದಿಂದ ಇಳಿದು ಬಂದಿದ್ದ ಲಂಡನ್ನಿನ ನ್ಯಾಯಾಧೀಶ ಸರ್ ಆಂಬ್ರೋಸ್.

ಸುಳ್ಳು ಎಲ್ಲರ ಕಣ್ಣೆದುರೇ ಬಯಲಾಗಿತ್ತು. ಥಾಮಸಿನ್‌ಳ ಎದೆಯಲ್ಲಿ ಸತ್ತೇ ಹೋಗಿದ್ದ ಆಸೆ ಎದ್ದು ಕೂತಿತು. ಸರ್ ಆಂಬ್ರೋಸ್ ಪೀಠಕ್ಕೆ ಮರಳಿ, ಕಿಟಕಿಯಾಚೆ ಅಬ್ಬರಿಸುತ್ತಿದ್ದ ಜನರನ್ನೊಮ್ಮೆ ನೋಡಿದ. ಜೈಲಿನ ಜ್ವರ ತಾಗದಿರಲೆಂದು ಇಟ್ಟುಕೊಂಡಿದ್ದ ಸೊಪ್ಪಿನ ಗೊಂಚಲನ್ನು ಮೂಸಿದ. ಆಮೇಲೆ ಜ್ಯೂರಿಯತ್ತ ತಿರುಗಿದ.

"ಸೈತಾನ ಬಲು ಕಿಲಾಡಿ. ಇವಳನ್ನ ಉಳಿಸೋಕೆ ನನ್ನ ಕೈಯೊಳಗೇ ಬಂದು ಕೂತ. ನಾನೇನೂ ಹೇಳಲ್ಲಪ್ಪ, ನೀವೇ ತೀರ್ಮಾನ ಮಾಡಿ."

ಜ್ಯೂರಿಯ ಹನ್ನೆರಡು ಮಂದಿ ಎದ್ದು ಹೊರಗೂ ಹೋಗಲಿಲ್ಲ. ಕೂತಲ್ಲೇ ಪಿಸುಗುಟ್ಟಿ, ತಪ್ಪಿತಸ್ಥೆ ಎಂದರು. ಸರ್ ಆಂಬ್ರೋಸ್ ನೇಣು ಎಂದು ಸಾರಿ ಎದ್ದ. ಮೆಟ್ಟಿಲಿಳಿಯಲು ಆಸರೆಗೆಂದು ಪಕ್ಕದಲ್ಲಿದ್ದ ಕೋರ್ಟಿನ ಅಧಿಕಾರಿ ಶೆರಿಫ್‌ನತ್ತ ಕೈ ಚಾಚಿದ. ಶೆರಿಫ್ ಎರಡು ಹೆಜ್ಜೆ ಹಿಂದೆ ಸರಿದ. ಜ್ಯೂರಿಯ ಮುಖ್ಯಸ್ಥ ತನ್ನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಹಿಡ್ಕೊಳ್ರೋ ಹೇಡಿಗಳಾ!" ಥಾಮಸಿನ್ ಕಟಕಟೆಯನ್ನು ಗುದ್ದಿ ಅರಚಿದಳು. "ಅವನ ಮಾತು ನಂಬಿ ನನ್ನನ್ನ ಕೊಲ್ತೀರಿ, ಅವನ ಕೈ ಮುಟ್ಟೋಕೆ ಭಯಾನಾ?"

ಕೋರ್ಟಿನ ತುಂಬ ಜನರಿದ್ದರು. ಚಾಚಿದ ಆ ಕೈಯನ್ನು ಒಬ್ಬರೂ ಹಿಡಿಯಲಿಲ್ಲ.