ಮುಚ್ಚಳದ ಮೇಲಿನ ಗುರುತು

ಬ್ಯಾಕ್ಟೀರಿಯಾದ ಚುಕ್ಕೆಗಳನ್ನು ಬೇಗ ಎಣಿಸಿ ಮುಗಿಸುವ ಆತುರದಲ್ಲಿ ಹನ್ನೆರಡನೆಯ ಗಾಜಿನ ತಟ್ಟೆಯ ಮುಚ್ಚಳವನ್ನೂ ತೆಗೆದಿಟ್ಟ ಮೇಲೆ ಹುಡುಗಿಗೆ ತನ್ನ ತಪ್ಪು ಹೊಳೆಯಿತು. ಔಷಧಿ ಹಾಕಿದ್ದು, ಹಾಕದ್ದು ಎಂಬ ಗುರುತನ್ನು ಅವಳು ಮುಚ್ಚಳಗಳ ಮೇಲಷ್ಟೇ ಬರೆದಿದ್ದಳು. ತಟ್ಟೆಯ ತಳದಲ್ಲಿ ಬರೆಯಬೇಕೆಂದು ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ಈಗ ಮುಚ್ಚಳಗಳೆಲ್ಲ ಕ್ರಮ ತಪ್ಪಿ ಒಂದರ ಮೇಲೊಂದು ಕೂತಿದ್ದವು. ಬ್ಯಾಕ್ಟೀರಿಯಾ ಬೆಳೆದ ತಟ್ಟೆಗಳು ಬೋಳುಬೋಳಾಗಿ ಸಾಲಿನಲ್ಲಿದ್ದವು. ನಾಳೆ ವರದಿ ಕೊಡದಿದ್ದರೆ ಪದವಿ ಇನ್ನೊಂದು ವರ್ಷ ಮುಂದಕ್ಕೆ.

"ಯಾಕಮ್ಮ, ತಲೆ ಮೇಲೆ ಕೈ ಹೊತ್ತು ಕೂತೆ?" ಎಂದಳು ಲ್ಯಾಬಿನ ಗಾಜು ತೊಳೆಯುವ ಅಕ್ಕ. ಸಂಗತಿ ಕೇಳಿ ನಕ್ಕಳು. "ಇಷ್ಟೇನಾ! ಕಡಿಮೆ ಬೆಳೆದಿರೋದು ಔಷಧಿ ಹಾಕಿದ್ದು ಅಂತ ಬರ್ಕೋ. ಯಾರು ಬಂದು ಕೇಳ್ತಾರೆ?"

"ಔಷಧಿ ಹಾಕಿದ್ರೆ ಕಡಿಮೆ ಬೆಳೆಯುತ್ತಾ ಅಂತ ತಿಳ್ಕೊಳ್ಳೋಕೇ ಅಲ್ವಾ ಅಕ್ಕ, ನಾಲ್ಕು ತಿಂಗಳಿಂದ ಇಲ್ಲಿ ಬೆನ್ನು ಮುರ್ಕೊಂಡಿರೋದು?"

ಹುಡುಗಿ ಕಣ್ಣುಜ್ಜಿಕೊಂಡು ದಾಖಲೆ ಪುಸ್ತಕ ತೆರೆದಳು. ಅಂಕಿಗಳಿಗೆಂದು ಗೆರೆ ಹಾಕಿಟ್ಟ ಹನ್ನೆರಡು ಖಾಲಿ ಮನೆಗಳಿದ್ದವು. ಪೆನ್ನು ಬಹಳ ಹೊತ್ತು ಮೊದಲ ಮನೆಯ ಮೇಲೇ ನಿಂತಿತ್ತು. ಕೊನೆಗೆ ಅವಳು ಎಲ್ಲಕ್ಕೂ ಅಡ್ಡಲಾಗಿ ಒಂದು ಗೆರೆ ಎಳೆದು, "ಯಾವುದು ಯಾವುದೆಂದು ಗೊತ್ತಿಲ್ಲ, ತಪ್ಪು ನನ್ನದು" ಎಂದು ಬರೆದು, ಕೆಳಗೆ ಸಹಿ ಹಾಕಿದಳು.