ಬಾಗಿಲಾಚೆ ಸೆಲ್ವಿ

ಜೇನುತುಪ್ಪದ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಬಾಗಿಲ ಚಿಲಕ ಹುಡುಕುತ್ತದೆ.

ಸಿಲೋನಿನಿಂದ ನಿರಾಶ್ರಿತರಾಗಿ ಹಿರಿಯೂರಿಗೆ ಬಂದವರ ಮಗಳು ಸೆಲ್ವಿ ನಮ್ಮ ಸರ್ಕಾರಿ ಹೈಸ್ಕೂಲಿಗೆ ಸೇರಿದ್ದಳು. ತಮಿಳು ಬಿಟ್ಟರೆ ಬೇರೆ ಮಾತು ಬಾರದು. ಮೇಷ್ಟ್ರು ಅವಳನ್ನು ದಿನಾ ಅಂಗಳದ ಆಲದ ಮರದಡಿ ಕೂರಿಸುತ್ತಿದ್ದರು.

"ಕನ್ನಡದಾಗೆ ಕೇಳಿದ ದಿನ ಒಳಗೆ ಬಿಡ್ತೀನಿ ಕಣಮ್ಮ. ಅಲ್ಲೀತಂಕ ಕಾಗೆಗಳ ಜೊತೆ ಓದ್ಕ."

ನಾವೆಲ್ಲ ನಗುತ್ತಿದ್ದೆವು.

ಒಂದು ಮಧ್ಯಾಹ್ನ ಆ ಮರದ ಹೆಜ್ಜೇನು ಎದ್ದವು. ಮೇಷ್ಟ್ರು ಓಡಿ ಬಾಗಿಲು ಮುಚ್ಚಿ ಚಿಲಕ ಹಾಕಿದರು. ಹೊರಗಿನಿಂದ ಸೆಲ್ವಿ ದಬದಬ ಬಡಿದಳು.

"ಸಾರ್, ಒಳಗೆ ಬರ್ಲಾ ಸಾರ್?"

ತಪ್ಪಿಲ್ಲದ ಕನ್ನಡ.

"ಯಾರೂ ತಗೀಬ್ಯಾಡ್ರಲೇ, ಹುಳ ಒಳಗೆ ಬರ್ತಾವೆ," ಎಂದು ಮೇಷ್ಟ್ರು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

ಅವಳು ಅದನ್ನೇ ಮತ್ತೆ ಮತ್ತೆ ಕೇಳಿದಳು. ಆಮೇಲೆ ತಮಿಳಿನಲ್ಲಿ ಏನೋ ಕೂಗಿದಳು. ಆಮೇಲೆ ಬಡಿತವೂ ನಿಂತಿತು.